ಏಳನೇ ಸೀಟಿನವಳು ಕೆಲಸ ಬಿಟ್ಟ ಕಾರಣ

ಮಾರ್ಚ್ ೪

ಮಗಳೇ,

ನಿನ್ನ ಪರಿವಾರ ನಿನ್ನೆ ನಮ್ಮ ಬೀದಿಗೆ ದಯಮಾಡಿಸಿತ್ತು. ದಪ್ಪ ಕನ್ನಡಕದ ಅಂಕಿ-ಸಂಖ್ಯೆಯವನು ಮತ್ತು ಒಬ್ಬಳು ಕಿವಿ ಡಾಕ್ಟರು. ನಮ್ಮ ಮೆಟ್ಟಿಲ ಬುಡದಲ್ಲೇ ನಿಂತು ಸೈಕಲ್ ರಿಪೇರಿಯವನ ಹತ್ತಿರ ದಾರಿ ಕೇಳಿದರಂತೆ. ನಾನು ಮೇಲಿಂದ ನೋಡಿ, ಗಡಿಬಿಡಿಯಲ್ಲಿ ಕುರ್ಚಿ ಮೇಲಿನ ಬಟ್ಟೆ ತೆಗೆದು ಚಹಾಕ್ಕೆ ನೀರಿಟ್ಟೆ. ಅವರು ರಸ್ತೆ ದಾಟಿ, ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿದ್ದ ಗಿಣಿಯ ಮನೆಗೆ ಹೋದರು. ನೀರು ಕುದಿದೂ ಕುದಿದೂ ಇಂಗಿತು.

ಗಿಣಿ ಸಂಜೆ ಬಂದು ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಅವಳ ಕಿವಿಗೆ ಏನೋ ಸಿಕ್ಕಿಸಿ ಕುಂಯ್ ಎನ್ನುವ ಸದ್ದು ಕೇಳಿಸಿದರಂತೆ. ಹುಟ್ಟಿದ ಊರು, ಅಪ್ಪನ ಕಸುಬು, ಸಂಬಳ, ಮದುವೆ, ಹೆರಿಗೆ, ಎಲ್ಲ ಕೇಳಿದರಂತೆ. "ಏಳನೇ ಸೀಟಿನವಳ ಹತ್ರ ಹೋಗಲ್ವಾ, ಎದುರುಮನೇನೇ?" ಎಂದು ಇವಳು ಕೇಳಿದ್ದಕ್ಕೆ ಆ ಕನ್ನಡಕದವನು, "ಅವರು ನಮ್ಮ ಮೇಡಂ ತಾಯಿ, ಅವರನ್ನ ಕೇಳೋ ಹಾಗಿಲ್ಲ" ಎಂದನಂತೆ.

ಟೆಲಿಫೋನ್ ಎಕ್ಸ್‌ಚೇಂಜಿನ ಹೆಂಗಸರ ಮೇಲೆ ಪುಸ್ತಕ ಬರೆಯುತ್ತೇನೆಂದು ನೀನು ಹೇಳಿದಾಗ ನಾನು ಒಳಗೊಳಗೇ ಹಿಗ್ಗಿದ್ದೆ. ಈಗ ನೋಡಿದರೆ ನನ್ನನ್ನು ಬಿಟ್ಟು ಉಳಿದವರ ಪುಸ್ತಕ. ನನಗೂ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಗಿಣಿಯ ಕಿವಿಗಿಂತ ನನ್ನದೇ ಹೆಚ್ಚು ಕೆಟ್ಟಿದೆ. ಇಲ್ಲದಿದ್ದರೆ ಈ ಕಾಲದಲ್ಲಿ ಯಾರು ಹೀಗೆ ಕಾಗದ ಬರೆಯುತ್ತಾ ಕೂರುತ್ತಾರೆ? ಎಲ್ಲರಿಗೂ ಫೋನ್ ಜೋಡಿಸಿದವಳಿಗೆ ಮಗಳ ಫೋನ್ ಕೇಳಿಸುವುದಿಲ್ಲ.

ಕಾರಣ ಬರೆ.

ನಿನ್ನ ಅಮ್ಮ

*

ಮಾರ್ಚ್ ೧೫

ಅಮ್ಮಾ,

ಕೋಪ ಮಾಡಿಕೊಳ್ಳಬೇಡ. ಆ ನಿಯಮ ಮಾಡಿದ್ದು ನಾನೇ, ಬಯ್ಯುವುದಾದರೆ ನನ್ನನ್ನೇ ಬಯ್ಯಿ, ಕನ್ನಡಕದವನು ಪಾಪದವನು.

ದೊಡ್ಡವರ ಜೀವನಚರಿತ್ರೆ ಬರೆಯಲು ಜನ ಸಾಲುಗಟ್ಟಿ ನಿಂತಿರುತ್ತಾರೆ. ಟ್ರಂಕ್ ಕಾಲ್ ಜೋಡಿಸಿದ ಹೆಂಗಸರ ಬಗ್ಗೆ ಯಾರು ಬರೆಯುತ್ತಾರೆ? ಒಬ್ಬೊಬ್ಬರದೇ ಹುಡುಕಿದರೆ ಸಿಗುವುದು ಅಷ್ಟಿಷ್ಟು. ಅದಕ್ಕೇ ನಾವು ಗುಂಪಿನ ಜೀವನಚರಿತ್ರೆ ಬರೆಯುತ್ತೇವೆ. ಎಲ್ಲರಿಗೂ ಅವೇ ಪ್ರಶ್ನೆಗಳು: ಎಲ್ಲಿಂದ ಬಂದಿರಿ, ಯಾಕೆ ಸೇರಿದಿರಿ, ಯಾಕೆ ಬಿಟ್ಟಿರಿ. ಉತ್ತರಗಳನ್ನು ಪಕ್ಕಪಕ್ಕ ಇಟ್ಟಾಗ ಯಾರೊಬ್ಬರ ಬಾಯಲ್ಲೂ ಬಾರದ ಸಂಗತಿ ಮೇಲೇಳುತ್ತದೆ. ನಾನು ಇತಿಹಾಸದವಳು, ಅವನು ಅಂಕಿ-ಸಂಖ್ಯೆಯವನು, ಅವಳು ಕಿವಿ ಡಾಕ್ಟರು, ಇನ್ನೊಬ್ಬರು ಅರ್ಥಶಾಸ್ತ್ರದ ಮೇಷ್ಟ್ರು. ನಾಲ್ವರೂ ಅದೇ ಹೆಂಗಸರನ್ನು ನೋಡುತ್ತೇವೆ, ನಾಲ್ವರಿಗೂ ಬೇರೆ ಬೇರೆ ಕಾಣುತ್ತದೆ. ಮೀಟಿಂಗಿನಲ್ಲಿ ದಿನಾ ಜಗಳ.

ಎಕ್ಸ್‌ಚೇಂಜಿನ ಕಟ್ಟಡ ಕೆಡವಿದಾಗ ಹಳೆಯ ಕಡತಗಳೆಲ್ಲ ಗುಜರಿಗೆ ಹೋಗಿವೆ. ನಮಗೆ ಉಳಿದಿರುವುದು ಜನರ ಬಾಯಿ ಮಾತ್ರ. ಬಾಯಿಯನ್ನು ನಂಬುವುದು ಹೇಗೆ? ಅದಕ್ಕೆ ಎರಡು ಕಟ್ಟು ಹಾಕಿಕೊಂಡಿದ್ದೇವೆ. ಒಂದು ಸಂಗತಿಯನ್ನು ಬೇರೆ ಬೇರೆ ಕೂತ ಹಲವರು ಒಂದೇ ಥರ ಹೇಳಿದರೆ ಅದನ್ನು ನಿಜವೆಂದು ಹಿಡಿಯುವುದು. ಮತ್ತು ನಮ್ಮ ಸ್ವಂತ ಬಂಧುಗಳ ಮಾತನ್ನು ಸಾಕ್ಷಿಯಾಗಿ ತೆಗೆದುಕೊಳ್ಳದಿರುವುದು. ಅವರ ಬಗ್ಗೆ ಉಳಿದವರು ಹೇಳಿದ್ದನ್ನಷ್ಟೇ ಬರೆಯುವುದು. ಇಲ್ಲದಿದ್ದರೆ ನಾಳೆ, "ಓಹೋ, ಅಮ್ಮನ ಹೊಗಳೋಕೆ ಪುಸ್ತಕ ಬರೆದಳು" ಎಂದು ಮೂಗು ಮುರಿಯುತ್ತಾರೆ.

ನೀನು ಪುಸ್ತಕದಲ್ಲಿ ಇದ್ದೀಯ. ನಿನ್ನ ಬಗ್ಗೆ ಹೇಳದವರೇ ಇಲ್ಲ. ಅಷ್ಟಕ್ಕೂ ನಿನ್ನ ಕಥೆ ನನಗೆ ಬಾಯಿಪಾಠ ಅಲ್ಲವೇ? ಕೇಳಿ ತಿಳಿಯುವುದು ಏನಿದೆ.

ಕಿವಿಗೆ ಡಾಕ್ಟರನ್ನು ಬೇರೆಯಾಗಿ ಕಳಿಸುತ್ತೇನೆ.

ನಿನ್ನ ಮಗಳು

*

ಮಾರ್ಚ್ ೨೮

ಮಗಳೇ,

ಕಿವಿ ಹಾಳಾಗಿ ಹೋಗಲಿ. ನನ್ನ ಬಗ್ಗೆ ಏನು ಹೇಳಿದ್ದಾರೆ, ಅದನ್ನು ಕಳಿಸು. ನಾನು ಸಾಕ್ಷಿ ಹೇಳಬಾರದು ಸರಿ. ಓದಬಾರದು ಎಂದು ನಿಯಮ ಇಲ್ಲ ತಾನೆ?

ಅಮ್ಮ

*

ಏಪ್ರಿಲ್ ೧೯

ಅಮ್ಮಾ,

ಮೂರನೇ ಅಧ್ಯಾಯದ ಕರಡು ಇದರ ಜೊತೆ ಇದೆ. ದೊಡ್ಡ ಅಕ್ಷರದಲ್ಲಿ ಮುದ್ರಿಸಿದ್ದೇನೆ, ಕನ್ನಡಕ ಹುಡುಕುವ ಕಷ್ಟ ನಿನಗೆ ಬೇಡ. ಹೆಸರು ಯಾರದೂ ಇಲ್ಲ, ಎಲ್ಲರಿಗೂ ಒಂದೊಂದು ಅಂಕಿ. ನೀನು ಇಪ್ಪತ್ತಮೂರು.

ಇದು ಆ "ಬೋರ್ಡು ಮೂಕವಾದ ದಿನ"ದ ಅಧ್ಯಾಯ. ಅರ್ಧ ದಿನ ಊರಿನ ಒಂದು ಫೋನೂ ಸೇರಲಿಲ್ಲ ಎಂದು ಹಳೆಯ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಸಿಕ್ಕಿತ್ತು. ಅದೇನೋ ದೊಡ್ಡ ಮುಷ್ಕರ ಇರಬೇಕು ಎಂದು ನನಗೆ ಆಸೆ ಹುಟ್ಟಿತು. ಕೇಳಿದವರೆಲ್ಲ ಒಂದೇ ಮಾತು: ತಂತಿಯಲ್ಲಿ ಏನೋ ದೋಷ, ಸ್ವಲ್ಪ ಗಲಾಟೆ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿಹೋಯಿತು, ಯಾರ ಕೆಲಸವೂ ಹೋಗಲಿಲ್ಲ. ಆಮೇಲೆ ಸ್ವಲ್ಪ ದಿನಕ್ಕೆ ಆಡಳಿತದವರೇ ಮನಸ್ಸು ಮಾಡಿ, ನಡುವೆ ಬಚ್ಚಲಿಗೆ ಎದ್ದುಹೋಗುವವರ ಜಾಗದಲ್ಲಿ ಕೂರಲು ಬದಲಿ ಆಪರೇಟರುಗಳನ್ನು ಕೊಟ್ಟರು.

ಅದೇ ವಾರ ಕೆಲಸ ಬಿಟ್ಟವಳು ಇಪ್ಪತ್ತಮೂರು ಒಬ್ಬಳೇ. ಕಾರಣ: ಹೆರಿಗೆ. ಎಲ್ಲರೂ ಹಾಗೇ ಹೇಳಿದ್ದಾರೆ, ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇಷ್ಟು ಶುದ್ಧವಾದ ಸಾಕ್ಷ್ಯ ಇಡೀ ಅಧ್ಯಯನದಲ್ಲಿ ಇನ್ನೆಲ್ಲೂ ಸಿಗಲಿಲ್ಲ ಎಂದು ಅಂಕಿ-ಸಂಖ್ಯೆಯವನು ಕುಣಿದಾಡಿದ. ಅಧ್ಯಾಯದ ಕೊನೆಯಲ್ಲಿ ನಾನು ಬರೆದಿರುವುದೂ ಅದನ್ನೇ: ಈ ಹೆಂಗಸರಿಗೆ ಕೆಲಸಕ್ಕಿಂತ ಮನೆ ದೊಡ್ಡದಾಗಿತ್ತು, ಹಾಗಾಗಿ ಅವರಲ್ಲಿ ಒಗ್ಗಟ್ಟಿನ ಪ್ರತಿಭಟನೆ ಹುಟ್ಟಲೇ ಇಲ್ಲ.

ಓದಿ ಹೇಗಿದೆ ಹೇಳು. ಹೊಗಳಿಕೆಯೂ ಸಾಕ್ಷ್ಯವಾಗುವುದಿಲ್ಲ, ಆದರೂ ಹೇಳು.

ನಿನ್ನ ಮಗಳು

*

ಮೇ ೨

ಮಗಳೇ,

ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ. ಅಕ್ಷರ ದೊಡ್ಡದಾಗಿದೆ.

ಈಗ ನಾನು ಹೇಳುವುದನ್ನು ಕೇಳು. ಸಾಕ್ಷಿ ಅಂತ ಬೇಡ, ಹೊಟ್ಟೆ ಉರಿದುಕೊಂಡ ಮುದುಕಿಯ ಮಾತು ಅಂತಲೇ ಓದು.

ಕರೆ ಜೋಡಿಸುವ ಬೋರ್ಡಿನ ಮುಂದೆ ಕೂತ ಮೇಲೆ ಬಚ್ಚಲಿಗೆ ಏಳಬೇಕಾದರೂ ಕೈ ಎತ್ತಬೇಕು. ಹಿಂದೆ ಓಡಾಡುವ ಸೂಪರ್‌ವೈಸರ್ ತಲೆಯಾಡಿಸಿದರೆ ಏಳಬಹುದು. ಒಂದು ಕೈಯಲ್ಲಿ ತಂತಿ ಸಿಕ್ಕಿಸುತ್ತಾ ಇನ್ನೊಂದು ಕೈ ಎತ್ತಿಕೊಂಡೇ ಕೂರಬೇಕು. ಅವತ್ತು ನಾಲ್ಕನೇ ಸೀಟಿನ ಹುಡುಗಿ ಕೈ ಎತ್ತಿದಳು. ಅವಳಿಗೆ ಮೈ ಹುಷಾರಿರಲಿಲ್ಲ. ಅವನು ನೋಡಿದ. ನೋಡಿ ಕಿಟಕಿ ಕಡೆ ತಿರುಗಿ ನಿಂತ. ಅವಳು ಎತ್ತಿದ ಕೈ ಇಳಿಸಲಿಲ್ಲ, ಬಾಯಲ್ಲಿ ಮಾತ್ರ "ನಂಬರ್ ಪ್ಲೀಸ್, ನಂಬರ್ ಪ್ಲೀಸ್." ಕೊನೆಗೆ ಕೂತಲ್ಲೇ ಆಗಿಹೋಯಿತು. ಸ್ಟೂಲಿನಿಂದ ನೆಲಕ್ಕೆ ತೊಟ್ಟಿಕ್ಕುವುದು ನನಗೆ ಕಾಣುತ್ತಿತ್ತು. ಆಗ ಅವನು ಬಂದು, "ಮನೇಲಿ ಇದನ್ನೂ ಕಲಿಸಿಲ್ವಾ?" ಎಂದ.

ನಾನು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡೆ. ಮುಂದಿದ್ದ ತಂತಿಗಳನ್ನೆಲ್ಲ ಒಂದೊಂದಾಗಿ ಕಿತ್ತೆ. ಪಕ್ಕದಲ್ಲಿ ಗಿಣಿ ನನ್ನ ಮುಖ ನೋಡಿ ತಾನೂ ಕಿತ್ತಳು. ಆಮೇಲೆ ಸಾಲಿಗೆ ಸಾಲೇ. ಯಾರೂ ಕೂಗಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಬೋರ್ಡಿನ ತುಂಬ ಕಾಯುತ್ತಿರುವ ಕರೆಗಳ ದೀಪ ಮಿಣಮಿಣ ಅನ್ನುತ್ತಿದ್ದರೆ ನಾವು ಕೈಕಟ್ಟಿ ಕೂತಿದ್ದೆವು. ನನ್ನ ಆಯುಸ್ಸಿನಲ್ಲಿ ಅಷ್ಟು ಚೆಂದದ ಹೊತ್ತು ಇನ್ನೊಂದಿಲ್ಲ. ನಿನ್ನನ್ನು ಹೆತ್ತ ಹೊತ್ತೂ ಸೇರಿಸಿಯೇ ಹೇಳುತ್ತಿದ್ದೇನೆ.

ಮಧ್ಯಾಹ್ನ ಮೇಲಿನವರು ಬಂದರು. ಒಬ್ಬೊಬ್ಬರನ್ನೇ ಒಳಗೆ ಕರೆದರು. "ಏಳನೇ ಸೀಟಿನವಳು ಎತ್ತಿಕಟ್ಟಿದ್ದರಿಂದ ಹೀಗೆ ಮಾಡಿದೆವು" ಎಂದು ಬರೆದ ಹಾಳೆಗೆ ಸಹಿ. ಎಲ್ಲರೂ ಹಾಕಿದರು. ನಾಲ್ಕನೇ ಸೀಟಿನವಳೂ ಹಾಕಿದಳು, ಒದ್ದೆ ಸೀರೆಯಲ್ಲೇ. ನನಗೆ ಮಾತ್ರ ಬೇರೆ ಹಾಳೆ: ತಪ್ಪಾಯಿತು, ಕ್ಷಮಿಸಿ. ನಾನು ಹಾಕಲಿಲ್ಲ. ಸಂಜೆಗೆ ಕೆಲಸದಿಂದ ತೆಗೆದರು.

ಎಕ್ಸ್‌ಚೇಂಜಿನ ಮೆಟ್ಟಿಲಲ್ಲಿ ಗಿಣಿ ಗೋಳಾಡಿದಳು. ಅತ್ತೆಮನೆಯಲ್ಲಿ ಏನು ಹೇಳಲಿ ಎನ್ನುವುದು ನನ್ನ ಚಿಂತೆ. ತೆಗೆದುಹಾಕಿಸಿಕೊಂಡು ಬಂದ ಸೊಸೆ ಎಂದರೆ ಸುಮ್ಮನೆಯೇ? ನಾನು ಬಸುರಿ ಇರಬಹುದು ಎಂಬ ಅನುಮಾನ ಆಗ ಬಂದಿತ್ತು ಅಷ್ಟೆ, ಖಾತ್ರಿ ಇರಲಿಲ್ಲ. "ಬಸುರಿ ಅಂತ ಬಿಟ್ಟಳು ಅನ್ನು" ಎಂದೆ. ಅವಳು ಎಲ್ಲರಿಗೂ ಅದನ್ನೇ ಹಬ್ಬಿಸಿದಳು. ಅವರಿಗೂ ಅದು ಬೇಕಿತ್ತು. ನನ್ನ ಹೊಟ್ಟೆಯ ಹಿಂದೆ ಎಲ್ಲರೂ ಅಡಗಿಕೊಂಡರು.

ಬದಲಿ ಆಪರೇಟರುಗಳನ್ನು ಆಡಳಿತದವರೇ ಮನಸ್ಸು ಮಾಡಿ ಕೊಟ್ಟರಂತೆ! ಯಾರ ಮನಸ್ಸು, ಯಾರ ಹೊಟ್ಟೆಪಾಡು? ಮತ್ತೆ ಎಲ್ಲಿ ಬೋರ್ಡು ಮೂಕವಾಗುತ್ತದೋ ಎಂದು ಹೆದರಿ ಕೊಟ್ಟರು. ಅಷ್ಟೂ ಹೆಂಗಸರು ರಿಟೈರ್ ಆಗುವವರೆಗೆ ನೆಮ್ಮದಿಯಾಗಿ ಎದ್ದುಹೋಗಿ ಬಂದರಲ್ಲ, ಅದು ನನ್ನ ಸಂಪಾದನೆ.

ಅಂಥ ಗುಂಪಿನಲ್ಲಿ ಪ್ರತಿಭಟನೆ ಹುಟ್ಟಲೇ ಇಲ್ಲ ಎಂದು ನನ್ನ ಮಗಳು ಬರೆಯುತ್ತಾಳೆ. ತಿದ್ದು.

ಅಮ್ಮ

*

ಮೇ ೨೧

ಅಮ್ಮಾ,

ನಿನ್ನ ಕಾಗದವನ್ನು ಆಫೀಸಿನಲ್ಲಿ ಓದಿದೆ. ಓದಿ ಬಾಗಿಲು ಹಾಕಿಕೊಂಡೆ. ಮೊದಲು ಹೆಮ್ಮೆ ಆಯಿತು, ಅದು ನಿಜ. ಆಮೇಲೆ ಆದದ್ದು ಹೆಮ್ಮೆಯಲ್ಲ.

"ನಿನಗೋಸ್ಕರ ಸೀಟು ಬಿಟ್ಟೆ ಕಣೇ." ಈ ಮಾತನ್ನು ಹೇಳಿದ್ದು ಗಿಣಿ ಚಿಕ್ಕಮ್ಮ ಅಲ್ಲ, ನೀನು. ನಾನು ತಟ್ಟೆಯಲ್ಲಿ ಊಟ ಬಿಟ್ಟಾಗ ಹೇಳಿದೆ. ಲೆಕ್ಕದಲ್ಲಿ ಫೇಲಾದಾಗ ಹೇಳಿದೆ. ಹಾಸ್ಟೆಲಿಗೆ ಹೊರಟು ನಿಂತಾಗ ಪೆಟ್ಟಿಗೆ ಮೇಲೆ ಕೂತು ಹೇಳಿದೆ. ಅತ್ತೆಯ ಮುಂದೆ ಒಂದು ಸಲ ಆಡಿದ ಸುಳ್ಳಾದರೆ ನಾನು ಅರ್ಥಮಾಡಿಕೊಳ್ಳುತ್ತಿದ್ದೆ. ಅಪ್ಪ ಹೋಗಿ, ಅಜ್ಜಿ ಹೋಗಿ, ಆ ಸುಳ್ಳು ಯಾರಿಗೂ ಬೇಡವಾದ ಮೇಲೂ ನನಗೆ ಮಾತ್ರ ಬಡಿಸುತ್ತಲೇ ಬಂದೆಯಲ್ಲ, ಯಾಕೆ?

ನಿನ್ನ ಅಳಿಯ ಯಾಕೆ ಬಿಟ್ಟುಹೋದರು ಎಂದು ನೀನು ಕೇಳಿದಾಗಲೆಲ್ಲ ನಾನು ಬಾಯಿ ಮುಚ್ಚಿಕೊಂಡೆ. ನನ್ನ ಓದಿನ ಜಂಬಕ್ಕೆ ಬಿಟ್ಟರು ಎಂದು ನೀನೇ ತೀರ್ಮಾನ ಮಾಡಿಕೊಂಡೆ. ಅವರಿಗೆ ಮಗು ಬೇಕಿತ್ತು. ನಾನು ಬೇಡವೆಂದೆ, ಬೇಡವೆಂದೇ ಬಂದೆ. ಮಗು ಹುಟ್ಟಿದರೆ ತಾಯಿಯ ಬದುಕು ಮುಗಿಯುತ್ತದೆ, ಆಮೇಲೆ ಆ ತಾಯಿ ಆ ಮಗುವನ್ನು ಜನ್ಮವಿಡೀ ಅದಕ್ಕಾಗಿ ಕುಟುಕುತ್ತಾಳೆ. ಇದು ನಾನು ಕಣ್ಣಾರೆ ಕಂಡ ಸತ್ಯ ಎಂದುಕೊಂಡಿದ್ದೆ. ಈಗ ನನಗೆ ಮಗು ಹೆರುವ ವಯಸ್ಸೇ ದಾಟಿಹೋಗಿದೆ. ಈಗ ನೀನು ಹೇಳುತ್ತೀಯ, ಅದು ಮೆಟ್ಟಿಲ ಮೇಲೆ ಗಿಣಿಗೆ ಹೇಳಿಕೊಟ್ಟ ಮಾತು ಎಂದು.

ತಿದ್ದು ಎನ್ನುತ್ತೀಯ. ಏನೇನನ್ನು ತಿದ್ದಲಿ?

ಗಿಣಿ ಚಿಕ್ಕಮ್ಮನಿಗೆ ಬರೆದು ಕೇಳಿದ್ದೇನೆ. ಅವರು ಒಪ್ಪಿದರೆ ಪುಸ್ತಕದಲ್ಲಿ ಬರುತ್ತದೆ.

ಮಗಳು

*

ಜೂನ್ ೧೦

ಚಿರಂಜೀವಿ ಮಗುವಿಗೆ, ನಿನ್ನ ಗಿಣಿ ಚಿಕ್ಕಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂತು. ನಾನು ವಟವಟ ಅನ್ನುವವಳು, ಬರೆಯುವುದು ಬಾರದು, ತಪ್ಪಿದ್ದರೆ ನಕ್ಕುಬಿಡು.

ನಿಮ್ಮಮ್ಮ ಹೇಳಿದ್ದು ನಿಜ. ಒಂದು ಅಕ್ಷರವೂ ಸುಳ್ಳಲ್ಲ. ಸಹಿ ಹಾಕಿದವರಲ್ಲಿ ಮೊದಲನೆಯವಳು ನಾನೇ. ನನ್ನನ್ನೇ ಮೊದಲು ಕರೆದರು, ಅವಳ ಗೆಳತಿ ಹಾಕಿದರೆ ಉಳಿದವರು ಹಾಕುತ್ತಾರೆ ಅಂತ. ನನ್ನ ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದ. ಇದನ್ನು ನೆಪ ಅಂತ ಬೇಕಾದರೆ ಅಂದುಕೋ, ಅಂದುಕೊಳ್ಳದಿದ್ದರೂ ನನಗೇನೂ ಸಿಗುವುದಿಲ್ಲ.

ಆದರೆ ಇದನ್ನು ಪುಸ್ತಕಕ್ಕೆ ಹಾಕಬೇಡ ಮಗು. ಕಾಲಿಗೆ ಬೀಳುತ್ತೇನೆ. ನಿಮ್ಮವರು ಬಂದು ಹೋದ ಮೇಲೆ ಮನೆಯಲ್ಲಿ ನನಗೆ ಏನೋ ಒಂದು ಬೆಲೆ ಬಂದಿದೆ. ಸೊಸೆ ಅವಳ ಗೆಳತಿಯರ ಹತ್ತಿರ, "ನಮ್ಮತ್ತೆ ಪುಸ್ತಕದಲ್ಲಿ ಬರ್ತಾರೆ" ಅನ್ನುತ್ತಾಳೆ. ಅದೇ ಪುಸ್ತಕದಲ್ಲಿ ಅತ್ತೆ ಗೆಳತಿಯ ಕುತ್ತಿಗೆ ಕೊಯ್ದಳು ಅಂತ ಓದಬೇಕೇ? ಅಂಕಿ ಹಾಕಿದರೆ ಗೊತ್ತಾಗುವುದಿಲ್ಲ ಅನ್ನಬೇಡ. ಇಷ್ಟು ಚಿಕ್ಕ ಊರಿನಲ್ಲಿ ಅಂಕಿಯೂ ಒಂದೇ, ಹೆಸರೂ ಒಂದೇ. ಉಳಿದವರನ್ನೂ ಕೇಳಿದೆ. ಇರುವವರೆಲ್ಲ ಹೇಳಿದ್ದನ್ನೇ ಹೇಳುತ್ತೇವೆ ಅಂದರು. ನಾಲ್ಕನೇ ಸೀಟಿನವಳು ನನ್ನ ಮುಖಕ್ಕೆ ಬಾಗಿಲು ಹಾಕಿದಳು.

ನಿಮ್ಮಮ್ಮ ಈಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸಂಜೆ ಅವಳ ಕಿಟಕಿಯೂ ಮುಚ್ಚಿರುತ್ತದೆ. ಇಷ್ಟು ವರ್ಷ ಬಿಡದವಳು ಈಗ ಬಿಟ್ಟಳು. ಮಾತು ಬಿಟ್ಟಿದ್ದು ನಾವು ಆವತ್ತು ಮಾಡಿದ್ದಕ್ಕಲ್ಲ, ನಮ್ಮ ಸುಳ್ಳನ್ನು ನೀನು ನಿಜ ಅಂತ ಬರೆದಿದ್ದಕ್ಕೆ.

ಗಿಣಿ

*

ಆಗಸ್ಟ್ ೨೪

ಅಮ್ಮಾ,

ಮೇ ತಿಂಗಳಿನಿಂದ ನಿನ್ನ ಕಾಗದವಿಲ್ಲ. ನೀನು ಚೆನ್ನಾಗಿದ್ದೀಯ ಎಂದು ಸೈಕಲ್ ಅಂಗಡಿಯವನಿಗೆ ಫೋನ್ ಮಾಡಿ ತಿಳಿದುಕೊಂಡೆ. "ಅಮ್ಮ ಆರಾಮಿದ್ದಾರೆ, ಎಲ್ಲರಿಗೂ ಬೈತಿದ್ದಾರೆ" ಎಂದ.

ಪುಸ್ತಕ ಅಚ್ಚಿಗೆ ಹೋಗುತ್ತಿದೆ. ಏನು ಮಾಡಿದೆನೆಂದು ನಾನೇ ನಿನಗೆ ಹೇಳಬೇಕು, ಪುಸ್ತಕ ನೋಡಿ ನೀನು ತಿಳಿಯಬಾರದು.

ನಿನ್ನ ಕಾಗದವನ್ನು ಮೀಟಿಂಗಿನಲ್ಲಿ ಓದಿದೆ. ಕಿವಿ ಡಾಕ್ಟರು ಕಣ್ಣೊರೆಸಿಕೊಂಡಳು, "ಇದನ್ನ ಹಾಕದಿದ್ರೆ ನಾವು ಪುಸ್ತಕ ಯಾಕೆ ಮಾಡ್ಬೇಕು?" ಎಂದಳು. ಅಂಕಿ-ಸಂಖ್ಯೆಯವನು ಮೆಲ್ಲಗೆ, "ಮೇಡಂ, ಒಬ್ಬರು ಹೇಳಿದ್ರು ಅಂತ ಉಳಿದವರನ್ನೆಲ್ಲ ಸುಳ್ಳರು ಅನ್ನೋಕಾಗುತ್ತಾ? ಅದೂ ನಿಮ್ಮ ತಾಯಿ" ಎಂದ. ಕಟ್ಟು ಹಾಕಿದವಳು ನಾನು, ಈಗ ನಾನೇ ಮುರಿದರೆ ಉಳಿದ ಅಧ್ಯಾಯಗಳನ್ನು ಯಾರು ನಂಬುತ್ತಾರೆ ಎಂದು ಮೇಷ್ಟ್ರು ಕೇಳಿದರು. ಗಿಣಿ ಚಿಕ್ಕಮ್ಮ ಎಲ್ಲ ಒಪ್ಪಿಕೊಂಡು ಬರೆದಿದ್ದಾರೆ, ಆದರೆ ಬಳಸಬೇಡ ಎಂದಿದ್ದಾರೆ. ಹೇಳಿದವರು ಬೇಡವೆಂದ ಮೇಲೆ ಬಳಸುವಂತಿಲ್ಲ. ಅದೂ ನಿಯಮವೇ.

ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ತೀರ್ಮಾನ ನನ್ನದು.

ಸುಳ್ಳನ್ನು ತೆಗೆದಿದ್ದೇನೆ. ಪ್ರತಿಭಟನೆ ಹುಟ್ಟಲೇ ಇಲ್ಲ ಎಂಬ ಮಾತಿಲ್ಲ. ಬದಲಿ ಆಪರೇಟರುಗಳು ಯಾರಿಂದ ಬಂದರೆಂಬುದು ಸ್ಪಷ್ಟವಿಲ್ಲ ಎಂದು ಬರೆದಿದ್ದೇನೆ. ಇಪ್ಪತ್ತಮೂರರ ಮುಂದೆ ಹೆರಿಗೆ ಎಂಬುದನ್ನು ಹೊಡೆದುಹಾಕಿ, "ಕಾರಣ ತಿಳಿದಿಲ್ಲ" ಎಂದು ಹಾಕಿದ್ದೇನೆ. ನನ್ನಿಂದ ಆಗುವುದು ಇಷ್ಟೇ.

ಸಿಟ್ಟಿನಿಂದ ಹೀಗೆ ಮಾಡಿದೆಯಾ ಎಂದು ನೀನು ಕೇಳುವ ಮೊದಲು ನಾನೇ ಕೇಳಿಕೊಂಡೆ. ಇಲ್ಲ ಎಂದು ಗಟ್ಟಿಯಾಗಿ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಮಗಳು

*

ನವೆಂಬರ್ ೧೭

ಮಗಳೇ,

ಪುಸ್ತಕ ತಲುಪಿತು. ದಪ್ಪಗಿದೆ, ರಟ್ಟು ಗಟ್ಟಿಯಾಗಿದೆ. ಗಿಣಿಗೂ ಒಂದು ಬಂದಿದೆಯಂತೆ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಿದ್ದುದು ಎದುರು ಸಾಲಿನಿಂದ ನನ್ನ ಬಲಗಿವಿಗೂ ಕೇಳಿಸಿತು. ಅವಳ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ಇದೆ. ಆದರೂ ನಿನ್ನೆ ಅವಳು ಮೆಟ್ಟಿಲು ಹತ್ತಿ ಬಂದಾಗ ಬಾಗಿಲು ತೆಗೆದೆ. ಅವಳು ಒಂದು ಮಾತೂ ಆಡದೆ ಕೂತಿದ್ದು ಹೋದಳು. ಗಿಣಿ ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದು ಎರಡೇ ಸಲ, ಬೋರ್ಡು ಮೂಕವಾದ ದಿನ ಮತ್ತು ನಿನ್ನೆ.

ಇಪ್ಪತ್ತಮೂರನ್ನು ಹುಡುಕಿ ನೋಡಿದೆ. ಹುಟ್ಟಿದ್ದು ತಿಳಿದಿದೆ, ಸೇರಿದ್ದು ತಿಳಿದಿದೆ, ಮದುವೆ ತಿಳಿದಿದೆ. ಕೆಲಸ ಬಿಟ್ಟಿದ್ದಕ್ಕೆ ಕಾರಣ ತಿಳಿದಿಲ್ಲ. ಇದನ್ನು ಬರೆದವಳು ಅವಳ ಹೊಟ್ಟೆಯಲ್ಲಿ ಹುಟ್ಟಿದವಳು. ಓದಿ ನಗು ಬಂತು. ನಕ್ಕೆ. ಆಮೇಲೆ ಕೂತು ಅತ್ತೆ.

ನಿನ್ನ ಮೇ ತಿಂಗಳ ಕಾಗದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಯಾಕೆ ಹೇಳುತ್ತಲೇ ಬಂದೆ ಎಂದು ಕೇಳಿದೆಯಲ್ಲ. ತೆಗೆದುಹಾಕಿದರು ಎನ್ನುವುದಕ್ಕಿಂತ ಬಿಟ್ಟುಕೊಟ್ಟೆ ಎನ್ನುವುದು ನುಂಗಲು ಸುಲಭವಾಗಿತ್ತು. ಅದನ್ನು ನಂಬಲು ಮನೆಯಲ್ಲಿ ಒಬ್ಬರಾದರೂ ಬೇಕಿತ್ತು, ನೀನು ನಂಬುತ್ತಿದ್ದೆ. ಆ ಮಾತು ನಿನ್ನ ಮನೆಯವರೆಗೂ ಬಂದು, ಹುಟ್ಟಬೇಕಾದ ಕೂಸಿನ ಬಾಗಿಲು ಹಾಕಿತು ಎಂದು ನನಗೆ ಹೇಗೆ ಗೊತ್ತಾಗಬೇಕು? ನೀನು ಹೇಳಲಿಲ್ಲ. ನಾನು ಕೇಳಲಿಲ್ಲ. ನೀನು ಊರವರನ್ನೆಲ್ಲ ಕೇಳಿದೆ, ನನ್ನನ್ನು ಬಿಟ್ಟು.

ಕ್ಷಮಿಸು ಎಂದು ಬರೆಯುವುದಿಲ್ಲ. ಆವತ್ತು ಆ ಹಾಳೆಗೆ ಸಹಿ ಹಾಕದ ಕೈ ಇದು, ಅದಕ್ಕೆ ಅಭ್ಯಾಸವಿಲ್ಲ. ಇನ್ನೊಂದು ಮಾತು ಬರೆಯುತ್ತೇನೆ, ಅದನ್ನು ಬೇಕಾದರೆ ಇಟ್ಟುಕೋ, ಬೇಡವಾದರೆ ಹರಿದುಹಾಕು.

ನಾನು ಕೆಲಸ ಬಿಟ್ಟಿದ್ದಕ್ಕೆ ಕಾರಣ ನೀನಲ್ಲ. ಯಾವತ್ತೂ ಆಗಿರಲಿಲ್ಲ.

ಇದಕ್ಕೆ ಒಬ್ಬಳೇ ಸಾಕ್ಷಿ. ಅದೂ ಹೆತ್ತ ತಾಯಿ. ನಿನ್ನ ನಿಯಮದಲ್ಲಿ ನಡೆಯುವುದಿಲ್ಲ, ಗೊತ್ತು.

ಏಳನೇ ಸೀಟಿನವಳು